‘ಮಾನ್‌ಸ್ಟ್ರೆಸ್’ ಓದಿದವರು ಬನ್ನಿ: ಈ ಮೈಕಾಳನ್ನು ಏನಂತ ಕರೆಯೋಣ?

ಅಟ್ಟದ ಪೆಟ್ಟಿಗೆ

ಮೂರು ವಾರದಿಂದ ಒಂದೇ ಪುಸ್ತಕ ತಲೆಯಲ್ಲಿ ಕೂತುಬಿಟ್ಟಿದೆ. ಮಾರ್ಜರಿ ಲಿಯು ಬರೆದು ಸಾನಾ ತಕೇದಾ ಚಿತ್ರ ಬಿಡಿಸಿರುವ ‘ಮಾನ್‌ಸ್ಟ್ರೆಸ್’. ಅಮೆರಿಕದ ಇಮೇಜ್ ಕಾಮಿಕ್ಸ್‌ನಿಂದ 2015ರ ನವೆಂಬರ್‌ನಲ್ಲಿ ಶುರುವಾದ ಸರಣಿ. ಮೊದಲ ಸಂಪುಟ ಕೊಡುವಾಗ ನನ್ನ ತಂಗಿ "ನಿನಗೆ ಹಿಡಿಸಲ್ಲ ಕಣೇ, ರಕ್ತ ಜಾಸ್ತಿ" ಅಂದಿದ್ದಳು. ಹಿಡಿಸಲಿಲ್ಲ, ನಿಜ. ಬಿಡಲೂ ಆಗಲಿಲ್ಲ.

ಓದದವರಿಗೆ ಎರಡು ಮಾತು. ಆ ಲೋಕದಲ್ಲಿ ಮನುಷ್ಯರಿದ್ದಾರೆ. ಸಾವಿಲ್ಲದ, ಪ್ರಾಣಿರೂಪದ ಪುರಾತನರಿದ್ದಾರೆ. ಇವರಿಬ್ಬರ ಬೆರಕೆಯಲ್ಲಿ ಹುಟ್ಟಿದವರು ಆರ್ಕಾನಿಕ್ ಜನ. ಕೆಲವರಿಗೆ ಬಾಲ, ಕೆಲವರಿಗೆ ರೆಕ್ಕೆ, ಇನ್ನು ಕೆಲವರು ನೋಡಲಿಕ್ಕೆ ನಮ್ಮ ನಿಮ್ಮ ಹಾಗೇ. ಮನುಷ್ಯರ ಕಡೆ ಕ್ಯೂಮಿಯಾ ಅಂತ ಮಾಟಗಾತಿಯರ ಒಂದು ಪಂಗಡ ಇದೆ. ಇವರು ಆರ್ಕಾನಿಕ್ ಜನರನ್ನು ಹಿಡಿದು, ಅವರ ದೇಹದಿಂದ ಲಿಲಿಯಂ ಅನ್ನುವ ಮದ್ದು ತೆಗೆಯುತ್ತಾರೆ. ಯುದ್ಧ ನಿಂತಿದೆ, ಮುಗಿದಿಲ್ಲ. ನಡುವೆ ಒಂದು ಗೋಡೆ.

ಕಥೆ ಶುರುವಾಗುವುದೇ ಹರಾಜಿನಲ್ಲಿ. ಮೈಕಾ ಹಾಫ್‌ವುಲ್ಫ್ ಅನ್ನುವ ಹದಿಹರೆಯದ ಹುಡುಗಿ. ಮೈಮೇಲೆ ಬಟ್ಟೆ ಇಲ್ಲ. ಕುತ್ತಿಗೆಗೆ ಪಟ್ಟಿ. ಎಡಗೈ ಅರ್ಧಕ್ಕೇ ಇಲ್ಲ. ಎದೆಯ ಮೇಲೆ ಕಣ್ಣಿನ ಆಕಾರದ ಗುರುತು. ಕೊಳ್ಳುವವರು ಬೆಲೆ ಕೂಗುತ್ತಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಗುತ್ತದೆ, ಅವಳು ಬೇಕಂತಲೇ ಸಿಕ್ಕಿಬಿದ್ದಿದ್ದಾಳೆ ಅಂತ. ಕ್ಯೂಮಿಯಾದವರ ಕೋಟೆಯೊಳಗೆ ಹೋಗಲಿಕ್ಕೆ ಅವಳಿಗೆ ಅದೊಂದೇ ಬಾಗಿಲು.

ಅವಳಿಗೆ ಬೇಕಿರುವುದು ತಾಯಿ ಮೊರಿಕೋ ಬಗ್ಗೆ ಉತ್ತರ. ತನ್ನೊಳಗೆ ಏನಿದೆ ಅನ್ನುವುದಕ್ಕೂ ಉತ್ತರ. ಅದಕ್ಕಾಗಿ ಅವಳು ಬೆದರಿಸುತ್ತಾಳೆ, ಕೈ ಮುರಿಯುತ್ತಾಳೆ, ಕೊಲ್ಲುತ್ತಾಳೆ. ಕಿಪ್ಪಾ ಅಂತ ನರಿಬಾಲದ ಪುಟ್ಟ ಹುಡುಗಿ ಹಿಂದೆ ಬಂದರೆ ಸಿಡುಕುತ್ತಾಳೆ. ಒಮ್ಮೆಯೂ "ಪಾಪ, ಇವಳು ಒಳಗೊಳಗೆ ತುಂಬಾ ಒಳ್ಳೆಯವಳು" ಅಂತ ನಮಗೆ ಸಮಾಧಾನ ಹೇಳುವ ಗೋಜಿಗೆ ಲೇಖಕಿ ಹೋಗುವುದಿಲ್ಲ.

ಇಂಥವಳನ್ನು ಕನ್ನಡದಲ್ಲಿ ಏನಂತ ಕರೆಯೋದು? ನಾಯಕಿ ಅನ್ನಲಿಕ್ಕೆ ಬಾಯಿ ಬರುತ್ತಿಲ್ಲ.

ಹಳೇ ಚಂದಾದಾರ

ಪುಸ್ತಕ ಓದಿಲ್ಲ. ಪದದ ಬಗ್ಗೆ ಮಾತ್ರ ಹೇಳುತ್ತೇನೆ. ದಯವಿಟ್ಟು ‘ಪ್ರತಿನಾಯಕಿ’ ಅನ್ನಬೇಡಿ. ಪತ್ರಿಕೆಗಳಲ್ಲಿ ಆ ತಪ್ಪು ನೋಡಿ ನೋಡಿ ಸಾಕಾಗಿದೆ. ಪ್ರತಿನಾಯಕ ಅಂದರೆ ನಾಯಕನ ಎದುರಾಳಿ. ರಾಮನಿಗೆ ರಾವಣ. ನೀವು ಹೇಳುತ್ತಿರುವವಳು ಕಥೆಯ ನಡುವೆಯೇ ನಿಂತಿದ್ದಾಳೆ, ಅವಳ ಎದುರು ಬೇರೆಯವರಿದ್ದಾರೆ. ಹಾಗಾಗಿ ಆ ಪದ ಹೊಂದುವುದಿಲ್ಲ.

ಪದ ಇಲ್ಲದಿದ್ದರೂ ಪಾತ್ರ ಇಲ್ಲದೇ ಇಲ್ಲ. ಜನ್ನನ ಯಶೋಧರ ಚರಿತೆಯ ಅಮೃತಮತಿ ನೆನಪಾದಳು. ರಾಣಿ. ರಾತ್ರಿ ಮಾವುತನ ಹಾಡು ಕೇಳಿ ಮನಸೋತಳು. ಅವನೋ ಅಷ್ಟಾವಂಕ, ನೋಡಲಾಗದವನು. ಕೊನೆಗೆ ಗಂಡನಿಗೂ ಅತ್ತೆಗೂ ವಿಷ ಹಾಕಿದಳು. ಜನ್ನ ಅವಳನ್ನು ಖಂಡಿಸಲಿಕ್ಕೆಂದೇ ಬರೆದ. ಆದರೆ ಎಂಟುನೂರು ವರ್ಷದ ಮೇಲೂ ಯಶೋಧರನಿಗಿಂತ ಅವಳೇ ನೆನಪಿರುವುದು. ಜನ್ನನಿಗೆ ಇದು ಗೊತ್ತಿತ್ತೋ ಇಲ್ಲವೋ!

ಕರಿಬೆಕ್ಕು

ಸರ್, ಸುಮ್ನೆ ‘ಆಂಟಿಹೀರೋಯಿನ್’ ಅಂದುಬಿಡೋಣ ಅಂದರೆ ನಮ್ಮಲ್ಲಿ ಆಂಟಿ ಅಂದ ಕೂಡಲೇ ಪಕ್ಕದ ಮನೆಯವರು ಕಣ್ಣಮುಂದೆ ಬರುತ್ತಾರೆ. ಹೀರೋಯಿನ್ ಆಂಟಿ. ಬೇಡ.

ನಮ್ಮಜ್ಜಿ ಇಂಥ ಹೆಂಗಸರನ್ನು ‘ಗಟ್ಟಿಗಿತ್ತಿ’ ಅನ್ನುತ್ತಿದ್ದರು. ಹೊಗಳಿಕೆಯೋ ಬೈಗುಳವೋ ಅನ್ನುವುದು ಅವರ ದನಿಯ ಮೇಲೆ ಗೊತ್ತಾಗುತ್ತಿತ್ತು.

ಅಟ್ಟದ ಪೆಟ್ಟಿಗೆ

ಗಟ್ಟಿಗಿತ್ತಿ! ಆಗಬಹುದು. ಆದರೆ ಗಟ್ಟಿಗಿತ್ತಿಯರು ಜನರನ್ನು ತಿನ್ನುವುದಿಲ್ಲ ಅಲ್ವಾ?

ಕಾರ್ಕಳ ಎಕ್ಸ್‌ಪ್ರೆಸ್

ಅದೇ ವಿಷಯ ಹೇಳಬೇಕು ಅಂತ ಬಂದೆ ಮಾರಾಯ್ರೆ. ಓದದವರಿಗೆ ಒಂದು ಮಾತು: ಮೈಕಾಳ ಒಳಗೆ ಝಿನ್ ಅಂತ ಒಂದು ಹಳೆಯ ದೇವರು ಸೇರಿಕೊಂಡಿದೆ. ಮೈತುಂಬ ಕಣ್ಣು, ಕಪ್ಪು ಬಳ್ಳಿಯಂಥ ತೋಳುಗಳು. ಅವಳ ಮುರಿದ ಎಡಗೈಯಿಂದಲೇ ಹೊರಗೆ ಬರುತ್ತದೆ. ಅದಕ್ಕೆ ಹಸಿವು. ಅದರ ಹಸಿವು ಅವಳದೂ ಹೌದು. ಹಸಿದಾಗ ಹತ್ತಿರ ಯಾರಿದ್ದಾರೆ ಅಂತ ನೋಡುವುದಿಲ್ಲ.

ಇಂಗ್ಲಿಷ್ ವಿಮರ್ಶೆಗಳಲ್ಲಿ ಎಲ್ಲರೂ ಇದನ್ನು ಸಿಟ್ಟಿನ ರೂಪಕ, ಗಾಯದ ರೂಪಕ ಅಂತ ಬರೆಯುತ್ತಾರೆ. ಇರಬಹುದು. ನಮ್ಮ ಕಡೆಯವನು ಓದಿದರೆ ಮೊದಲು ನೆನಪಾಗುವುದು ಬೇರೆ. ಮೈಮೇಲೆ ಬರುವುದು ಅಂದರೆ ಏನು ಅಂತ ನಮಗೆ ಯಾರೂ ವಿವರಿಸಬೇಕಿಲ್ಲ. ಚಿಕ್ಕಂದಿನಿಂದ ಕೋಲ ನೋಡಿದವರು ನಾವು. ಅಲ್ಲಿ ದೈವ ಬರಲಿಕ್ಕೆ ದಿನ ಇದೆ, ಜಾಗ ಇದೆ, ಬಣ್ಣ ಇದೆ, ಬೆನ್ನಿಗೆ ಕಟ್ಟುವ ಅಣಿ ಇದೆ. ಬಂದು ನುಡಿ ಕೊಡುತ್ತದೆ, ಹೋಗುತ್ತದೆ. ಹಸಿವು ಅಲ್ಲೂ ಉಂಟು. ಅದಕ್ಕೇ ಅಗೆಲು, ಅಂದರೆ ದೈವದ ಊಟ, ಬಡಿಸುವುದು. ಎಲೆ ಹಾಕಿ, ಇಷ್ಟು ನಿನ್ನದು, ತಗೋ, ನಮ್ಮನ್ನು ಕಾಯಿ ಅಂತ ಒಪ್ಪಂದ.

ಮೈಕಾಗೆ ಆ ಎಲೆಯೇ ಇಲ್ಲ. ನನಗೆ ಭಯ ಆದದ್ದು ಅಲ್ಲಿ. ಒಳಗೆ ದೇವರಿದೆ, ಬಡಿಸುವ ಊರಿಲ್ಲ, ಕಳಿಸಿಕೊಡುವವರಿಲ್ಲ. ಅಮ್ಮ ಸತ್ತಿದ್ದಾಳೆ. ಊರು ಸುಟ್ಟಿದೆ. ಒಬ್ಬಳೇ ಕೂತು ಅದರ ಹತ್ತಿರ ಚೌಕಾಸಿ ಮಾಡಬೇಕು.

ಮುಂದಿನ ಸಂಪುಟಗಳಲ್ಲಿ ಆ ಝಿನ್‌ಗೂ ಹಳೆಯದೆಲ್ಲ ಮರೆತುಹೋಗಿದೆ ಅಂತ ಗೊತ್ತಾಗುತ್ತದೆ. ಅದಕ್ಕೂ ಒಂದು ಪ್ರೀತಿ ಇತ್ತು. ಮೈಕಾಳ ವಂಶದ ಹಿರಿಯಳು, ಶಾಮನ್ ಎಂಪ್ರೆಸ್ ಅನ್ನುವವಳ ಮೇಲೆ. ಎರಡು ಮರೆವಿನ ಪ್ರಾಣಿಗಳು ಒಂದೇ ಮೈಯಲ್ಲಿ ಬಾಡಿಗೆಗೆ ಇದ್ದ ಹಾಗೆ.

ಅಟ್ಟದ ಪೆಟ್ಟಿಗೆ

ಕಾರ್ಕಳದವರೇ, ಇದನ್ನು ಓದಿ ಸುಮ್ಮನೆ ಐದು ನಿಮಿಷ ಕೂತಿದ್ದೆ. ಎಲೆ ಇಲ್ಲ ಅನ್ನುವ ಮಾತು. ಎರಡನೇ ಸಂಪುಟ ಮತ್ತೆ ತೆಗೆಯುತ್ತೇನೆ.

ರಾತ್ರಿಪಾಳಿ

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಎರಡು ಸಲ ಶುರು ಮಾಡಿ ಎರಡು ಸಲವೂ ಬಿಟ್ಟೆ. ಪಾಳಿ ಮುಗಿಸಿ ಬಂದು ಓದುವವಳು ನಾನು. ಒಂದು ಪುಟದಲ್ಲಿ ಕ್ಯೂಮಿಯಾ, ಇನ್ನೊಂದರಲ್ಲಿ ಡಸ್ಕ್ ಕೋರ್ಟ್, ಡಾನ್ ಕೋರ್ಟ್, ಮತ್ತೊಂದರಲ್ಲಿ ಫೆಡರೇಶನ್, ಆಮೇಲೆ ಕಾನ್‌ಸ್ಟಂಟೀನ್ ಯುದ್ಧ. ಯಾರು ಯಾರಿಗೆ ಶತ್ರು ಅಂತ ಹಾಳೆಯಲ್ಲಿ ಬರೆದುಕೊಳ್ಳಬೇಕಾಯಿತು. ಪಾತ್ರಗಳು ತಮ್ಮ ಲೋಕದ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಹಾಗೆ.

ಇದು ಬರಹದ ಸೊಗಸು ಅನ್ನುವವರಿದ್ದಾರೆ. ನನಗೆ ಇದು ತೊಡಕು. ಮೊದಲ ಸಂಚಿಕೆಯೇ ಮಾಮೂಲಿಯ ಮೂರರಷ್ಟು ದಪ್ಪ. ಆದರೂ ಇನ್ನೊಂದು ನಾಲ್ಕು ಪುಟ ಉಸಿರು ಬಿಡಲಿಕ್ಕೆ ಕೊಟ್ಟಿದ್ದರೆ ಏನು ಹೋಗುತ್ತಿತ್ತು?

ಕರಿಬೆಕ್ಕು

ಅಕ್ಕ, ಒಂದು ಉಪಾಯ. ಸಂಚಿಕೆಗಳ ಕೊನೆಗೆ ಪ್ರೊಫೆಸರ್ ಟ್ಯಾಮ್ ಟ್ಯಾಮ್ ಅನ್ನುವ ಬೆಕ್ಕು ಮರಿಗಳಿಗೆ ಪಾಠ ಮಾಡುವ ಪುಟ ಬರುತ್ತದೆ. ಅದನ್ನು ಮೊದಲು ಓದಿ. ಆ ಲೋಕದ ಚರಿತ್ರೆ ಎಲ್ಲ ಅಲ್ಲೇ ಇದೆ. ಮರಿಗಳು ಪಾಠ ಕೇಳುವ ಚಿತ್ರವೂ ಚೆನ್ನಾಗಿದೆ.

ಅಂದಹಾಗೆ ಬೆಕ್ಕುಗಳ ಬಗ್ಗೆ ಯಾರೂ ಮಾತೇ ಎತ್ತಿಲ್ಲವಲ್ಲ. ಈ ಕಥೆಯಲ್ಲಿ ಬೆಕ್ಕುಗಳಿಗೆ ಒಂದಕ್ಕಿಂತ ಹೆಚ್ಚು ಬಾಲ, ಮಾತು ಬರುತ್ತದೆ, ಚರಿತ್ರೆ ಬರುತ್ತದೆ, ಕವಿತೆ ಬರುತ್ತದೆ. ಮೈಕಾ ಜೊತೆ ಹೋಗುವ ರೆನ್‌ಗೆ ಎರಡು ಬಾಲ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಹತ್ತಿರದವನು. ಅವನು ಯಾರ ಕಡೆ ಅಂತ ಮಾತ್ರ ಕೇಳಬೇಡಿ. ಬೆಕ್ಕು ಯಾವತ್ತು ಯಾರ ಕಡೆ ಇತ್ತು?

ಶಾಯಿ ಕೈ

ಚಿತ್ರದ ಬಗ್ಗೆ ಹೇಳದೆ ಹೋದರೆ ಪಾಪ ಬಂದೀತು. ನನ್ನ ಹೊಟ್ಟೆಪಾಡು ಚಿತ್ರ ಬಿಡಿಸುವುದೇ.

ಸಾಮಾನ್ಯವಾಗಿ ಅಮೆರಿಕದ ಕಾಮಿಕ್ಸ್‌ನಲ್ಲಿ ಪೆನ್ಸಿಲ್ ಒಬ್ಬರದು, ಶಾಯಿ ಇನ್ನೊಬ್ಬರದು, ಬಣ್ಣ ಮತ್ತೊಬ್ಬರದು. ತಿಂಗಳಿಗೊಂದು ಸಂಚಿಕೆ ಬರಬೇಕಲ್ಲ, ಅದಕ್ಕೆ ಕೆಲಸ ಹಂಚುತ್ತಾರೆ. ಇಲ್ಲಿ ಗೆರೆಯಿಂದ ಬಣ್ಣದವರೆಗೆ ತಕೇದಾ ಒಬ್ಬರೇ. ಅಕ್ಷರ ಕೂರಿಸಿದವರು ರಸ್ ವೂಟನ್. ತಕೇದಾ ಜಪಾನಿನವರು, ಮೊದಲು ಸೇಗಾ ಗೇಮ್ ಕಂಪನಿಯಲ್ಲಿದ್ದವರು.

ಯಾವುದಾದರೂ ಕ್ಯೂಮಿಯಾ ಹೆಂಗಸಿನ ಉಡುಪು ನೋಡಿ. ಭುಜದ ಮೇಲಿನ ಕಸೂತಿಯಲ್ಲಿ ಒಂದೊಂದು ಎಳೆ ಬೇರೆ ಕಾಣುತ್ತದೆ. ಹಿಂದಿನ ಗೋಡೆಯಲ್ಲಿ ಆರ್ಟ್ ಡೆಕೊ ಕಾಲದ ನೇರ ಗೆರೆಗಳು, ಬೀಸಣಿಗೆಯ ಆಕಾರ, ಹಿತ್ತಾಳೆಯ ಹೊಳಪು. ಅದೇ ಕೋಣೆಯ ಮೇಜಿನ ಮೇಲೆ ಸಂಕೋಲೆ. ನೀವು ಕಸೂತಿ ನೋಡುತ್ತಾ ನೋಡುತ್ತಾ ಸಂಕೋಲೆ ತಡವಾಗಿ ನೋಡುತ್ತೀರಿ. ಆ ಮನೆಯವರೂ ಹಾಗೇ ಬದುಕುತ್ತಿದ್ದಾರೆ. ಇದನ್ನು ಮಾತಲ್ಲಿ ಹೇಳಿದ್ದರೆ ಭಾಷಣ ಆಗುತ್ತಿತ್ತು.

ಇನ್ನೊಂದು. ಆಗಾಗ ದೂರದ ಬಯಲಿನಲ್ಲಿ ಬೆಟ್ಟದಷ್ಟು ಎತ್ತರದ ದೇವರ ನೆರಳು ನಡೆದುಹೋಗುತ್ತದೆ. ಹಿಂದಿನ ಮೋಡ ಅದರ ಮೈಯೊಳಗಿಂದ ಕಾಣುತ್ತದೆ. ಯಾರಿಗೂ ಏನೂ ಮಾಡುವುದಿಲ್ಲ. ಕೆಳಗಿನ ಜನ ತಲೆ ಎತ್ತಿಯೂ ನೋಡುವುದಿಲ್ಲ, ದಿನಾ ಕಾಣುವ ಬಸ್ಸಿನ ಹಾಗೆ. ಅಂಥ ಒಂದು ಚೌಕ ಬಿಡಿಸಲಿಕ್ಕೆ ನನಗೆ ಇನ್ನೂ ಹತ್ತು ವರ್ಷ ಬೇಕು.

ಲೆಕ್ಕದ ಪುಸ್ತಕ

ಎಲ್ಲ ಸರಿ. ಇದನ್ನು ಇಂಡಿಪೆಂಡೆಂಟ್ ಕಾಮಿಕ್ಸ್ ಅಂತ ಎಲ್ಲೆಡೆ ಬರೆಯುತ್ತಾರೆ. ಇಮೇಜ್ ಅಮೆರಿಕದ ದೊಡ್ಡ ಪ್ರಕಾಶಕರಲ್ಲಿ ಒಂದು. ಅದರಲ್ಲಿ ಸ್ವತಂತ್ರ ಏನು ಬಂತು? ಮನೆಯಲ್ಲಿ ಝೆರಾಕ್ಸ್ ಮಾಡಿ ಹಂಚಿದರೆ ಸ್ವತಂತ್ರ ಅನ್ನಬಹುದು.

ಶಾಯಿ ಕೈ

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನನ್ನ ಹೊಟ್ಟೆ ಉರಿಯ ಜೊತೆಗೇ ಬರುತ್ತದೆ, ತಡೆದುಕೊಳ್ಳಿ.

1992ರಲ್ಲಿ ಮಾರ್ವೆಲ್‌ನ ಏಳು ಜನ ಜನಪ್ರಿಯ ಕಲಾವಿದರು ಹೊರಬಂದು ಇಮೇಜ್ ಕಟ್ಟಿದರು. ಟಾಡ್ ಮೆಕ್‌ಫಾರ್ಲೇನ್, ಜಿಮ್ ಲೀ ಎಲ್ಲ ಅದರಲ್ಲಿದ್ದರು. ಜಗಳ ಇದ್ದದ್ದು ಒಂದೇ ವಿಷಯಕ್ಕೆ: ನಾವು ಬಿಡಿಸಿದ್ದು ನಮ್ಮದಾಗಬೇಕು. ಮಾರ್ವೆಲ್‌ನಲ್ಲಿ ಪುಟಕ್ಕೆ ಇಷ್ಟು ಅಂತ ಕೂಲಿ ಸಿಗುತ್ತದೆ, ಪಾತ್ರ ಕಂಪನಿಯದು. ಇಮೇಜ್‌ನಲ್ಲಿ ತಿರುಗುಮುರುಗು. ಪ್ರಕಾಶಕರು ತಮ್ಮ ಗೊತ್ತಾದ ಶುಲ್ಕ ಹಿಡಿದುಕೊಳ್ಳುತ್ತಾರೆ. ಉಳಿದದ್ದು, ಪಾತ್ರದ ಹಕ್ಕು ಸಮೇತ, ಬರೆದವರದು ಮತ್ತು ಬಿಡಿಸಿದವರದು. ಆದರೆ ಮುಂಗಡ ಕೂಲಿ ಇಲ್ಲ. ಪುಸ್ತಕ ಓಡದಿದ್ದರೆ ಕೈಗೆ ಚಿಪ್ಪು.

ಲಿಯು, ತಕೇದಾ ಇಬ್ಬರೂ ಮೊದಲು ಮಾರ್ವೆಲ್‌ಗೆ ಕೆಲಸ ಮಾಡಿದವರು. 2010ರಿಂದ 2012ರವರೆಗೆ ಬಂದ ಎಕ್ಸ್-23 ಸರಣಿಯನ್ನು ಲಿಯು ಬರೆದರು, ಅದರ ಕೆಲವು ಸಂಚಿಕೆಗಳನ್ನು ತಕೇದಾ ಬಿಡಿಸಿದರು. ಎಕ್ಸ್-23 ಯಾರು? ಆಯುಧವಾಗಿ ಬೆಳೆಸಿದ ಹುಡುಗಿ, ಮೈಯೊಳಗೆ ಕೊಲ್ಲುವ ಗುಣ. ಮೈಕಾಳ ದೊಡ್ಡಕ್ಕನ ಹಾಗೆ. ಆದರೆ ಅವಳು ಮಾರ್ವೆಲ್‌ನವರ ಸ್ವತ್ತು. ಅವಳನ್ನು ಎಷ್ಟು ಕೆಡಿಸಬಹುದು, ಯಾವಾಗ ಸರಿ ಮಾಡಬೇಕು, ಎಲ್ಲ ಕಂಪನಿಯ ತೀರ್ಮಾನ. ಮುಂದಿನ ಸಿನಿಮಾ, ಮುಂದಿನ ಆಟಿಕೆ ಎಲ್ಲ ನೋಡಬೇಕಲ್ಲ.

ಹೊಟ್ಟೆ ಉರಿ ಈಗ. ಕೆಲವು ವರ್ಷದ ಹಿಂದೆ ಒಂದು ಕಂಪನಿಗೆ ನಾನೊಂದು ಪಾತ್ರ ಬಿಡಿಸಿಕೊಟ್ಟೆ. ಬಾವಿಯಿಂದ ಎದ್ದು ಬಂದ ಸೊಸೆ, ಕೈಯಲ್ಲಿ ಹಗ್ಗ. ಮನೆಯವರನ್ನು ಒಬ್ಬೊಬ್ಬರಾಗಿ ಕೇಳಿಕೊಂಡು ಹೋಗುತ್ತಾಳೆ. "ಚೆನ್ನಾಗಿದೆ, ಸ್ವಲ್ಪ ನಗಿಸಿ" ಅಂದರು. ನಗಿಸಿದೆ. "ಹಗ್ಗ ಬೇಡ" ಅಂದರು. ಹೂವು ಕೊಟ್ಟೆ. ಕೊನೆಗೆ ಅವಳು ಮಕ್ಕಳಿಗೆ ನೀರು ಉಳಿಸಿ ಅಂತ ಹೇಳುವ ಬಾವಿ ಅಕ್ಕ ಆದಳು. ಒಪ್ಪಂದದಲ್ಲಿ ಸಹಿ ಹಾಕಿದ್ದೆ, ಪಾತ್ರ ಅವರದು. ಈಗ ಆ ಸೊಸೆಯನ್ನು ನಾನು ಬಿಡಿಸುವ ಹಾಗಿಲ್ಲ.

ಕಾರ್ಕಳ ಎಕ್ಸ್‌ಪ್ರೆಸ್

ಬಾವಿ ಅಕ್ಕ ರಾತ್ರಿ ಎದ್ದು ಬಂದು ಅವರನ್ನೇ ಕೇಳಲಿ ಮಾರಾಯ್ರೆ.

ಲೆಕ್ಕದ ಪುಸ್ತಕ

ಆಯಿತು, ಒಪ್ಪಿದೆ. ಹಕ್ಕು ಯಾರದು ಅನ್ನುವುದೇ ಲೆಕ್ಕ, ಕಟ್ಟಡ ಎಷ್ಟು ದೊಡ್ಡದು ಅನ್ನುವುದಲ್ಲ.

ತೊಂಬತ್ತರ ಹುಡುಗ

ಮೈಕಾಗಿಂತ ಮುಂಚೆ ಲೇಡಿ ಡೆತ್ ಇದ್ದಳು ಅನ್ನುವುದನ್ನು ಮರೆಯಬೇಡಿ ಗುರುಗಳೇ. ಸ್ವತಂತ್ರ, ಅಲೌಕಿಕ, ಕರಾಳ ಹೆಂಗಸು, ಮೂರೂ ಅಲ್ಲಿ ಮೊದಲೇ ಇತ್ತು.

ಬ್ರಯನ್ ಪುಲಿಡೋ ಬರೆದು ಸ್ಟೀವನ್ ಹ್ಯೂಸ್ ಬಿಡಿಸಿದ್ದು. 1991ರಲ್ಲಿ ‘ಈವಿಲ್ ಅರ್ನಿ’ ಅನ್ನುವ ಕಾಮಿಕ್ಸ್‌ನಲ್ಲಿ ಮೊದಲು ಬಂದಳು. 1994ರಲ್ಲಿ ಅವಳದೇ ಸರಣಿ. ಮಧ್ಯಯುಗದ ಸ್ವೀಡನ್‌ನಲ್ಲಿ ಹೋಪ್ ಅನ್ನುವ ಹುಡುಗಿ. ಅಪ್ಪ ಕ್ರೂರಿ, ದೆವ್ವಗಳ ಸಹವಾಸ ಮಾಡಿದವನು. ಜನ ಮಗಳನ್ನೂ ಮಾಟಗಾತಿ ಅಂತ ಸುಡಲಿಕ್ಕೆ ನಿಂತರು. ಅವಳು ನರಕಕ್ಕೆ ಬಿದ್ದಳು, ಅಲ್ಲಿ ಲೂಸಿಫರ್‌ನ ವಿರುದ್ಧವೇ ದಂಗೆ ಎದ್ದಳು. ಭೂಮಿಯ ಮೇಲೆ ಜೀವಿಗಳು ಇರುವವರೆಗೂ ನೀನು ವಾಪಸ್ ಹೋಗಲಾರೆ ಅಂತ ಅವನು ಶಾಪ ಕೊಟ್ಟ. ಸರಿ, ಹಾಗಾದರೆ ಎಲ್ಲ ಜೀವಿಗಳನ್ನೂ ಕೊಂದು ಹೋಗುತ್ತೇನೆ ಅಂತ ಅವಳು ತೀರ್ಮಾನ ಮಾಡಿದಳು. ವರದಲ್ಲಿ, ಶಾಪದಲ್ಲಿ ಲೂಪ್‌ಹೋಲ್ ಹುಡುಕುವುದು ಹಿರಣ್ಯಕಶಿಪು ಕಾಲದಿಂದ ಇದೆ, ಇಷ್ಟು ಸೀದಾ ಹುಡುಕಿದವರು ಕಡಿಮೆ.

ಪುಸ್ತಕದ ಹೊರಗಿನ ಕಥೆಯೂ ಕಥೆಯೇ. ಪುಲಿಡೋ ಅವರದೇ ಕೇಯಾಸ್ ಕಾಮಿಕ್ಸ್ 2002ರಲ್ಲಿ ದಿವಾಳಿ ಆಯಿತು. ಲೇಡಿ ಡೆತ್ ಹಕ್ಕು ಕ್ರಾಸ್‌ಜೆನ್ ಅನ್ನುವ ಕಂಪನಿಗೆ ಹೋಯಿತು. ಅದೂ 2004ರಲ್ಲಿ ದಿವಾಳಿ. ಆಮೇಲೆ ಅವತಾರ್ ಪ್ರೆಸ್. ನರಕದಿಂದ ಎದ್ದು ಬಂದವಳು ಮೂರು ಮನೆ ಬದಲಾಯಿಸಿದಳು. ಈಗ ಪುಲಿಡೋ ಅವರ ಕಾಫಿನ್ ಕಾಮಿಕ್ಸ್ ತರುತ್ತಿದೆ. ಅಂಗಡಿಗೆ ಕಾಯದೆ ಕಿಕ್‌ಸ್ಟಾರ್ಟರ್ ಅನ್ನುವ ಜಾಲತಾಣದಲ್ಲಿ ಓದುಗರಿಂದ ಮೊದಲೇ ಹಣ ಎತ್ತುತ್ತಾರೆ.

ಹಳೇ ಚಂದಾದಾರ

ಓದುಗರಿಂದ ಮುಂಗಡ ಪಡೆಯುವುದು ಹೊಸ ವಿದ್ಯೆ ಅನ್ನುವ ಹಾಗೆ ಹೇಳುತ್ತಿದ್ದಾರೆ ಈಗಿನವರು. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿದ ನಾಡು ಇದು. ಇರಲಿ, ಮುಂದುವರಿಸಿ.

ರಾತ್ರಿಪಾಳಿ

ಲೇಡಿ ಡೆತ್ ಚಿತ್ರ ಈಗಷ್ಟೇ ಹುಡುಕಿ ನೋಡಿದೆ. ನರಕದಲ್ಲಿ ಅಷ್ಟು ಸೆಕೆ ಇರುತ್ತದಾ? ಯುದ್ಧಕ್ಕೆ ಹೊರಟವಳು ಈಜುಕೊಳಕ್ಕೆ ಹೊರಟ ಹಾಗಿದ್ದಾಳೆ.

ತೊಂಬತ್ತರ ಹುಡುಗ

ಹಹಹ. ಒಪ್ಪುತ್ತೇನೆ. ಆ ಕಾಲದ ಅಲೆಯೇ ಹಾಗಿತ್ತು. ‘ಬ್ಯಾಡ್ ಗರ್ಲ್’ ಕಾಮಿಕ್ಸ್ ಅಂತಲೇ ಹೆಸರು. ಕೊಳ್ಳುವವರು ನನ್ನಂಥ ಹುಡುಗರು. ನಾನೂ ಮುಖಪುಟ ನೋಡಿಯೇ ಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಉಳಿದದ್ದು ಆ ಶಾಪದ ಕಥೆ.

ಅಟ್ಟದ ಪೆಟ್ಟಿಗೆ

ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ನನಗೆ ಈಗ ಸ್ವಲ್ಪ ಸ್ಪಷ್ಟವಾಗುತ್ತಿದೆ. ಮೊದಲ ಪೋಸ್ಟ್ ಹಾಕಿದಾಗ ಇದು ಹೊಳೆದಿರಲಿಲ್ಲ.

ಮೈಕಾ ಕೂಡ ಮೊದಲ ಪುಟದಲ್ಲಿ ಬೆತ್ತಲೆ. ಲೇಡಿ ಡೆತ್‌ಗಿಂತ ಬಟ್ಟೆ ಕಡಿಮೆ. ಆದರೆ ಆ ಪುಟ ನೋಡಿದರೆ ಮುಜುಗರ ಆಗುವುದು ನಮಗೆ, ಅವಳಿಗಲ್ಲ. ಯಾಕೆ ಅಂತ ಮತ್ತೆ ತೆಗೆದು ನೋಡಿದೆ. ಅವಳನ್ನು ಚೆಂದ ಕಾಣಿಸುವ ಭಂಗಿಯಲ್ಲಿ ನಿಲ್ಲಿಸಿಲ್ಲ. ನೆಟ್ಟಗೆ ನಿಂತಿದ್ದಾಳೆ. ಮೊಂಡುಗೈಯನ್ನು ಮರೆಮಾಡಿಲ್ಲ. ಬೆಲೆ ಕೂಗುವವರ ಜಾಗದಲ್ಲಿ ಪುಸ್ತಕ ಹಿಡಿದ ನಾವು ನಿಂತಿದ್ದೇವೆ. ಈ ಹರಾಜಿಗೆ ನಾನೂ ಬಂದೆನಾ ಅನ್ನಿಸಿ ಪುಟ ತಿರುಗಿಸುತ್ತೇವೆ.

ಶಾಯಿ ಕೈ ಅವರ ಬಾವಿ ಸೊಸೆ ಕಥೆ ಓದಿದ ಮೇಲೆ ಇನ್ನೊಂದು ಅನ್ನಿಸಿತು. ಇಂಥ ಹೆಂಗಸನ್ನು ಬರೆಯುವವರು ಯಾವತ್ತೂ ಇದ್ದರು. "ಸ್ವಲ್ಪ ನಗಿಸಿ" ಅನ್ನುವವರು ನಡುವೆ ಇರುತ್ತಿದ್ದರು. ಮೈಕಾ ಇಲ್ಲಿಯವರೆಗೆ ನಗದೆ ಬಂದಿದ್ದಾಳೆ ಅಂದರೆ ಅವಳ ಹಕ್ಕುಪತ್ರ ಇಬ್ಬರು ಹೆಂಗಸರ ಕೈಯಲ್ಲಿದೆ ಅನ್ನುವ ಕಾರಣಕ್ಕೂ ಹೌದು. ಅವಳನ್ನು ಕೆಡಿಸಿದರೂ ಅವರೇ, ಸರಿ ಮಾಡಿದರೂ ಅವರೇ. ಓದುಗರಿಗೆ ಅವಳು ಇಷ್ಟ ಆಗಲೇಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ.

ಹಾಗೆ ಬಿಟ್ಟಾಗ ಜನ ಓಡಿಹೋದರಾ? ಇಲ್ಲವಲ್ಲ. 2017, 2018, 2019, ಸತತ ಮೂರು ವರ್ಷ ವೈಜ್ಞಾನಿಕ, ಅದ್ಭುತ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. 2018ರಲ್ಲಿ ಕಾಮಿಕ್ಸ್‌ನ ದೊಡ್ಡ ಪ್ರಶಸ್ತಿ ಐಸ್ನರ್ ಒಟ್ಟಿಗೇ ಐದು. ಅತ್ಯುತ್ತಮ ಬರಹಗಾರರ ಐಸ್ನರ್ ಪಡೆದ ಮೊದಲ ಮಹಿಳೆ ಲಿಯು.

ದೂರದ ದೀಪ

ಹೊರದೇಶದಲ್ಲಿ ಕೂತು ಈ ಚರ್ಚೆ ಓದುತ್ತಿದ್ದೇನೆ, ಇಲ್ಲೀಗ ಬೆಳಗಿನ ಜಾವ.

ಒಂದು ವಿಷಯ ಯಾರೂ ಹೇಳಿಲ್ಲ. ಲಿಯು ಅವರ ತಂದೆಯ ಕಡೆಯವರು ಚೀನಾದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಆಕ್ರಮಣದ ನಡುವೆ ಬದುಕಿ ಉಳಿದವರು ಅವರ ಅಜ್ಜ ಅಜ್ಜಿ. ಆ ಕಥೆಗಳನ್ನು ಕೇಳಿ ಬೆಳೆದೆ, ಅದರಿಂದಲೇ ಈ ಪುಸ್ತಕ ಹುಟ್ಟಿತು ಅಂತ ಲಿಯು ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದನ್ನು ಬಿಡಿಸಿದವರು ಜಪಾನಿನ ಕಲಾವಿದೆ. ಇದು ಗೊತ್ತಾದ ಮೇಲೆ ನಾನು ಪುಸ್ತಕವನ್ನು ಬೇರೆ ಥರ ಓದಿದೆ.

ಮೈಕಾ ಯಾಕೆ ಒಳ್ಳೆಯ ಮಾತಾಡುವುದಿಲ್ಲ, ಯಾಕೆ ಯಾರನ್ನೂ ಮುಟ್ಟಿಸಿಕೊಳ್ಳುವುದಿಲ್ಲ, ಯಾಕೆ ಊಟ ಸಿಕ್ಕಾಗ ಹಾಗೆ ತಿನ್ನುತ್ತಾಳೆ. ಯುದ್ಧ ದಾಟಿ ಬಂದ ಮಗು ಅವಳು. ಕಾನ್‌ಸ್ಟಂಟೀನ್‌ನಲ್ಲಿ ಎಲ್ಲ ಸುಟ್ಟುಹೋದಾಗ ಅಲ್ಲಿದ್ದವಳು. ನಮ್ಮ ಮನೆಯ ಪಕ್ಕ ಯುದ್ಧದಿಂದ ತಪ್ಪಿಸಿಕೊಂಡು ಬಂದ ಒಂದು ಕುಟುಂಬ ಇದೆ. ಆ ಮನೆಯ ಹುಡುಗಿ ಎರಡು ವರ್ಷ ನನ್ನ ನಮಸ್ಕಾರಕ್ಕೆ ತಿರುಗಿ ನೋಡಲಿಲ್ಲ. ಸೊಕ್ಕು ಅಂದುಕೊಂಡಿದ್ದೆ. ಒಂದು ದಿನ ಪಟಾಕಿ ಹೊಡೆದಾಗ ಅವಳು ಬೈಕಿನ ಹಿಂದೆ ಹೋಗಿ ಕೂತದ್ದು ಕಂಡಿತು.

ಐದನೇ ಸಂಪುಟದಲ್ಲಿ ರಾವೆನ್ನಾ ಅನ್ನುವ ಊರಿಗೆ ಮುತ್ತಿಗೆ ಬೀಳುತ್ತದೆ. ಅಲ್ಲಿ ದೆವ್ವ ಭೂತಕ್ಕಿಂತ ಹೆಚ್ಚಾಗಿ ನಿರಾಶ್ರಿತರು, ಗೋಡೆ, ಯಾರನ್ನು ಒಳಗೆ ಬಿಡಬೇಕು ಅನ್ನುವ ಜಗಳ. ಆ ಸಂಪುಟಕ್ಕೆ ಬರುವಾಗ ಕಿಪ್ಪಾ ಪುಟ್ಟ ಮಗುವಾಗಿ ಉಳಿದಿಲ್ಲ. ಅಷ್ಟೇ ಹೇಳುತ್ತೇನೆ.

ಅಮ್ಮನ ಮೊಬೈಲ್

ನಮಸ್ತೆ. ಮಗಳಿಗೆ ಹದಿಮೂರು. ಗೆಳತಿಯ ಹತ್ತಿರ ಈ ಪುಸ್ತಕ ನೋಡಿ ಬೇಕು ಅಂತ ಹಠ. ಮುಖಪುಟ ನೋಡಿದರೆ ರಾಜಕುಮಾರಿ ಕಥೆ ಥರ ಇದೆ. ಕೊಡಿಸಬಹುದಾ?

ಕರಿಬೆಕ್ಕು

ಮೇಡಂ, ಮುಖಪುಟ ನಂಬಬೇಡಿ. ಒಳಗೆ ಮಕ್ಕಳನ್ನು ಕತ್ತರಿಸುವ ಮೇಜು ಇದೆ.

ರಾತ್ರಿಪಾಳಿ

ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಐದು ಐಸ್ನರ್‌ಗಳಲ್ಲಿ ಒಂದು ಹದಿಹರೆಯದವರ ಪುಸ್ತಕದ ವಿಭಾಗದ್ದು, ನಿಜ. ಹಾಗಂತ ಎಲ್ಲ ಹದಿಮೂರೂ ಒಂದೇ ಅಲ್ಲ. ಹಿಂಸೆ, ಬೆತ್ತಲೆ, ಬೈಗುಳ ಮೂರೂ ಇದೆ. ನೀವು ಮೊದಲು ಓದಿ. ನಿಮ್ಮಿಂದ ಮುಗಿಸಲಿಕ್ಕೆ ಆದರೆ ಅವಳ ಜೊತೆ ಕೂತು ಓದಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೇ ಕೆಲವು ಪುಟ ತಿರುಗಿಸಿ ಹಾಕಬೇಕಾಯಿತು.

ಅಮ್ಮನ ಮೊಬೈಲ್

ತುಂಬಾ ಥ್ಯಾಂಕ್ಸ್. ನಾನೇ ಮೊದಲು ಓದುತ್ತೇನೆ. ಬೆಕ್ಕಿನ ಪಾಠ ಮೊದಲು ಅಲ್ವಾ?

ಲೆಕ್ಕದ ಪುಸ್ತಕ

ಕೊಳ್ಳುವವರಿಗೆ ಒಂದು ಮಾತು. ಬಿಡಿ ಸಂಚಿಕೆ ಹುಡುಕಿ ಕಷ್ಟಪಡಬೇಡಿ. ಮೊದಲ ಸಂಪುಟದಲ್ಲಿ 1ರಿಂದ 6ರವರೆಗಿನ ಸಂಚಿಕೆ ಇದೆ. ಇಮೇಜ್‌ನವರು ಮೊದಲ ಸಂಪುಟಕ್ಕೆ ಬೇಕಂತಲೇ ಬೆಲೆ ಕಡಿಮೆ ಇಡುತ್ತಾರೆ, 9.99 ಡಾಲರ್ ಇಟ್ಟಿದ್ದರು. ಗಾಳಕ್ಕೆ ಎರೆಹುಳು. ಎರಡನೆಯದಕ್ಕೆ ಕೈ ಹಾಕುವಾಗ ಬೆಲೆ ಏರಿರುತ್ತದೆ, ಆಗ ನನ್ನನ್ನು ಬೈಯಬೇಡಿ. ನಾನು ಎರಡು ದಿನದಲ್ಲಿ ಮೂರು ಸಂಪುಟ ಮುಗಿಸಿದೆ, ಅದಕ್ಕೇ ಗೊತ್ತು.

ಶಾಯಿ ಕೈ

ಝೆರಾಕ್ಸ್ ಅಂದವರು ಇವರೇ ತಾನೇ?

ತೊಂಬತ್ತರ ಹುಡುಗ

ಕನ್ನಡದಲ್ಲಿ ಇಂಥದ್ದು ಬರುತ್ತದಾ ಯಾವತ್ತಾದರೂ? ಮಾಟ, ಮಾರಿ, ದೈವ, ಪಂಜುರ್ಲಿ, ಬಾವಿ, ಹುಣಸೆಮರ, ಸಾಮಾನು ಎಲ್ಲ ಮನೆಯಲ್ಲೇ ಇದೆ.

ಹಳೇ ಚಂದಾದಾರ

ಅಮರ ಚಿತ್ರಕಥೆ ಅನ್ನುವುದು ಇಂಗ್ಲಿಷ್‌ಗೆ ಹೋಗುವ ಮೊದಲು, 1965ರಲ್ಲಿ, ಶುರುವಾದದ್ದೇ ಕನ್ನಡದಲ್ಲಿ. ಬೆಂಗಳೂರಿನಲ್ಲಿ. ಮೊದಲು ಬಂದವು ಸಿಂಡ್ರೆಲಾ ಥರದ ಹೊರದೇಶದ ಕಥೆಗಳು. ಅದರ ಸಂಪಾದಕರಾಗಿದ್ದ ಅನಂತ ಪೈ ಅವರೂ ಹುಟ್ಟಿದ್ದು ಕಾರ್ಕಳದಲ್ಲಿ, ನಮ್ಮ ಎಕ್ಸ್‌ಪ್ರೆಸ್ ಅವರ ಊರು. ಹಾಗೆ ಮೊದಲ ಹೆಜ್ಜೆ ಇಟ್ಟ ನಾಡಿನಲ್ಲಿ ಈಗ ಕಾಮಿಕ್ಸ್ ಅಂದರೆ ಮಕ್ಕಳ ಪರೀಕ್ಷೆ ಮುಗಿದ ಮೇಲಿನ ಸಾಮಾನು. ದೊಡ್ಡವರು ಓದುತ್ತಾರೆ ಅಂತ ಪ್ರಕಾಶಕರಿಗೆ ನಂಬಿಕೆ ಬರಬೇಕಲ್ಲ.

ಶಾಯಿ ಕೈ ಅವರೇ, ಒಪ್ಪಂದ ಇರುವುದು ಬಾವಿಯ ಸೊಸೆಗೆ. ಕೆರೆಯ ಅತ್ತೆಗೆ ಇಲ್ಲ ತಾನೇ?

ಶಾಯಿ ಕೈ

ಸರ್!! ಪೆನ್ಸಿಲ್ ತಗೊಂಡೆ.

ಕಾರ್ಕಳ ಎಕ್ಸ್‌ಪ್ರೆಸ್

ಈ ಸಲ ಹಗ್ಗ ಬಿಡಬೇಡಿ.

ಹಳೇ ಚಂದಾದಾರ

ನಾಲ್ಕು ದಿನದ ಮೇಲೆ ಬಂದೆ. ಮೊಮ್ಮಗ ಮೊದಲ ಸಂಪುಟ ತರಿಸಿಕೊಟ್ಟ. ಅಕ್ಷರ ಸಣ್ಣದು, ಭೂತಗನ್ನಡಿ ಹಿಡಿದು ಓದಿದೆ. ನೂರು ಪುಟ ಆಗಿದೆ. ಬೆಕ್ಕಿನ ಪಾಠ ಮೊದಲೇ ಓದಿಕೊಂಡಿದ್ದರಿಂದ ದಾರಿ ತಪ್ಪಲಿಲ್ಲ.

ಆ ನರಿಬಾಲದ ಹುಡುಗಿ ರಾತ್ರಿ ಮೈಕಾ ಪಕ್ಕ ಮಲಗಬೇಕೋ ದೂರ ಮಲಗಬೇಕೋ ಅಂತ ನನಗೆ ಚಿಂತೆ ಹತ್ತಿದೆ. ದೂರ ಮಲಗಿದರೆ ಚಳಿ. ಪಕ್ಕ ಮಲಗಿದರೆ ಅದಕ್ಕೆ ಹಸಿವಾದರೆ? ಓದುವುದು ಬಿಟ್ಟು ಹೋಗಿ ಕಾಫಿ ಮಾಡಿಕೊಂಡು ಬಂದೆ.

ಈ ರೆನ್ ಅನ್ನುವ ಬೆಕ್ಕನ್ನು ನಂಬಬಹುದಾ?

ಕರಿಬೆಕ್ಕು

ಸರ್, ಓದಿ.

ಅಟ್ಟದ ಪೆಟ್ಟಿಗೆ

ಯಾರೂ ಹೇಳಬೇಡಿ! ಸರ್ ನೂರನೇ ಪುಟದಲ್ಲಿದ್ದಾರೆ.